ವಿದೇಶಕ್ಕೆ ಪಾರ್ಸೆಲ್: ‘7ರಿಂದ 10 ದಿನ’ ಅಂದರೆ ಯಾವತ್ತಿನಿಂದ ಯಾವತ್ತಿಗೆ?

ನೀವು ಎರಡು ವಿಷಯ ಕೇಳಿದ್ದೀರಿ. ಬೇರೆ ದೇಶದಲ್ಲಿರುವ ಅಕ್ಕನ ಮಗಳಿಗೆ ಸುಮಾರು ಮೂರು ಕೆ.ಜಿ. ಪುಸ್ತಕ, ಬಟ್ಟೆ ಕಳಿಸಬೇಕು, ಹುಟ್ಟುಹಬ್ಬಕ್ಕೆ ಆರು ವಾರ ಇದೆ. ಸಾಧಾರಣ ಅಂಚೆ, ರಿಜಿಸ್ಟರ್ಡ್, ಎಕ್ಸ್‌ಪ್ರೆಸ್, ಖಾಸಗಿ ಕೊರಿಯರ್ ಈ ನಾಲ್ಕರಲ್ಲಿ ಯಾವುದನ್ನು ಹಿಡಿಯಲಿ ಎನ್ನುವುದು ಒಂದು. ನೀವೇ ಹೊರದೇಶದಿಂದ ತರಿಸಿಕೊಳ್ಳುತ್ತಿರುವ ವಸ್ತು ಒಂಬತ್ತು ದಿನದಿಂದ ಟ್ರ್ಯಾಕಿಂಗ್‌ನಲ್ಲಿ ಅಲ್ಲಾಡಿಲ್ಲ, ಕಳೆದೇಹೋಯಿತಾ ಎನ್ನುವುದು ಇನ್ನೊಂದು. ನಾನು ಅಂಚೆ ಇಲಾಖೆಯವನಲ್ಲ. ಹಳೆ ಕ್ಯಾಮೆರಾ ಲೆನ್ಸುಗಳನ್ನು ಕೊಳ್ಳುವ, ಮಾರುವ ಹುಚ್ಚಿದೆ. ಆ ಕಾರಣಕ್ಕೆ ದೇಶದಿಂದ ದೇಶಕ್ಕೆ ಹೋಗುವ ಪೊಟ್ಟಣಗಳ ಜಾಡು ಹಿಡಿಯುವುದು ನನಗೆ ನಿತ್ಯದ ಕೆಲಸ.

ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಆರು ವಾರ ಕೈಯಲ್ಲಿದ್ದರೆ ಎಕ್ಸ್‌ಪ್ರೆಸ್ ಬೇಕಿಲ್ಲ, ಟ್ರ್ಯಾಕಿಂಗ್ ಇರುವ ಸಾಧಾರಣ ವಿಮಾನ ಅಂಚೆ ಸಾಕು. ಒಂಬತ್ತು ದಿನದ ಮೌನಕ್ಕೆ ಹೆದರಬೇಕಿಲ್ಲ, ಆದರೆ ಸುಮ್ಮನೆ ಕೂರಲೂಬಾರದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ದಿನದ ಲೆಕ್ಕದಲ್ಲೇ ಹೆಚ್ಚಿನವರು ಎಡವುವುದು. ‘5 ಕೆಲಸದ ದಿನ’ ಎಂದು ಬರೆದಿದ್ದರೆ ಅದು ನೀವು ಹಣ ಕಟ್ಟಿದ ಗಳಿಗೆಯಿಂದ ಶುರುವಾಗುವ ಲೆಕ್ಕವಲ್ಲ. ಶುಕ್ರವಾರ ಸಂಜೆ ಆರ್ಡರ್ ಮಾಡಿದಿರಿ ಅನ್ನಿ. ಮಾರುವವರು ಕಟ್ಟಿ ಕಳಿಸಲು 2 ಕೆಲಸದ ದಿನ ಬೇಕು ಎಂದಿದ್ದಾರೆ: ಸೋಮವಾರ, ಮಂಗಳವಾರ ಅಲ್ಲಿಗೇ ಹೋಯಿತು. ಮಂಗಳವಾರ ಅಂಚೆಗೆ ಬಿದ್ದರೆ ಬುಧವಾರ ಮೊದಲನೆಯ ದಿನ. ಗುರುವಾರ, ಶುಕ್ರವಾರ ಮುಗಿದು, ವಾರಾಂತ್ಯ ಕಳೆದು, ಐದನೆಯ ದಿನ ಬರುವುದು ಮುಂದಿನ ಮಂಗಳವಾರ. ಒಟ್ಟು 11 ದಿನ. ಯಾರೂ ತಡ ಮಾಡಿಲ್ಲ, ಯಾರೂ ಸುಳ್ಳು ಹೇಳಿಲ್ಲ, ಆದರೂ ಕಾದವರಿಗೆ ಮಾತ್ರ ಎರಡು ಪಟ್ಟು ಹಿಡಿಯಿತು ಅನಿಸುತ್ತದೆ. ಎರಡು ದೇಶಗಳ ವಾರದ ರಜೆ ಬೇರೆಬೇರೆ ಇದ್ದರಂತೂ ಕೇಳಲೇಬೇಡಿ. ಈಜಿಪ್ಟ್, ಸೌದಿ ಅರೇಬಿಯಾಗಳಲ್ಲಿ ಶುಕ್ರವಾರ, ಶನಿವಾರ ರಜೆ. ಈ ಕಡೆ ಶನಿವಾರ, ಭಾನುವಾರ ಮುಚ್ಚಿದ್ದರೆ ಎರಡೂ ಕಡೆ ಕೆಲಸ ನಡೆಯುವುದು ವಾರಕ್ಕೆ ನಾಲ್ಕೇ ದಿನ.

ಇನ್ನೊಂದು ಪದ ಗಮನಿಸಿ: ‘ಅಂದಾಜು’. ಅಂದಾಜು ಬೇರೆ, ಖಾತರಿ ಬೇರೆ. ಖಾತರಿ ಕೊಡುವ ಸೇವೆಗಳಲ್ಲೂ ತಡವಾದರೆ ಸಾಮಾನ್ಯವಾಗಿ ವಾಪಸ್ ಸಿಗುವುದು ರವಾನೆಯ ಶುಲ್ಕ ಮಾತ್ರ. ಕಸ್ಟಮ್ಸ್‌ನಲ್ಲಿ ನಿಂತ ದಿನಗಳನ್ನು ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆ ಷರತ್ತನ್ನು ಎಷ್ಟು ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ ಅಂದರೆ, ಓದಬೇಡಿ ಎಂದೇ ಹಾಕಿದ ಹಾಗಿರುತ್ತದೆ.

ಈಗ ಹಣ ಯಾವುದಕ್ಕೆ ಹೋಗುತ್ತದೆ ನೋಡಿ. ಭೂಮಿಯ ಯಾವ ಮೂಲೆಗಾದರೂ ವಿಮಾನ ಒಂದೆರಡು ದಿನದೊಳಗೆ ಮುಟ್ಟುತ್ತದೆ. ಸಾಧಾರಣ ಅಂಚೆಯಲ್ಲಿ ಹದಿನೈದು ದಿನ ಹಿಡಿದರೆ ಉಳಿದ ದಿನಗಳೆಲ್ಲ ಹೋಗಿದ್ದು ಕಾಯುವುದರಲ್ಲಿ: ವಿಂಗಡಣೆಗೆ, ಚೀಲ ತುಂಬುವುದಕ್ಕೆ, ವಿಮಾನದಲ್ಲಿ ಜಾಗ ಸಿಗುವುದಕ್ಕೆ, ಆ ಕಡೆ ಕಸ್ಟಮ್ಸ್‌ಗೆ, ಕೊನೆಗೆ ಬಟವಾಡೆಗೆ. ಎಕ್ಸ್‌ಪ್ರೆಸ್‌ಗೆ ಕೊಡುವ ಹೆಚ್ಚಿನ ದುಡ್ಡಿನಲ್ಲಿ ಈ ಒಂದೊಂದು ಸಾಲಿನಲ್ಲೂ ಮುಂದೆ ನಿಲ್ಲುವ ಜಾಗ ಸಿಗುತ್ತದೆ. ವಿಮಾನದ ವಿಷಯವೂ ಹಾಗೇ. ಅಂಚೆಯ ಬಹುಪಾಲು ಹೋಗುವುದು ಪ್ರಯಾಣಿಕರ ವಿಮಾನಗಳ ಹೊಟ್ಟೆಯಲ್ಲಿ. ಜಾಗ ಸಾಲದೆ ಹೋದರೆ ಚೀಲ ಮುಂದಿನ ವಿಮಾನಕ್ಕೆ ಕಾಯುತ್ತದೆ. 2020ರಲ್ಲಿ ಪ್ರಯಾಣಿಕರ ವಿಮಾನಗಳು ನಿಂತಾಗ ಪ್ರಪಂಚದ ಅಂಚೆಯೆಲ್ಲ ತಿಂಗಳುಗಟ್ಟಲೆ ಹಿಂದೆ ಬಿದ್ದಿದ್ದಕ್ಕೆ ಇದೇ ಮುಖ್ಯ ಕಾರಣ. ಸ್ವಂತ ಸರಕು ವಿಮಾನಗಳಿದ್ದ ದೊಡ್ಡ ಕೊರಿಯರ್ ಕಂಪನಿಗಳಿಗೆ ಆ ಪೆಟ್ಟು ಅಷ್ಟಾಗಿ ತಟ್ಟಲಿಲ್ಲ.

ನಿಮ್ಮ ಪಟ್ಟಿಯಲ್ಲಿಲ್ಲದ ಹಡಗಿನ ದಾರಿಯನ್ನೂ ಹೇಳಿಬಿಡುತ್ತೇನೆ. ಕೆಲವು ದೇಶಗಳಲ್ಲಿ ‘ಸರ್ಫೇಸ್’ ಎಂಬ ಆಯ್ಕೆ ಇನ್ನೂ ಇದೆ. ಅಗ್ಗ. ಆದರೆ ಕಂಟೇನರ್ ತುಂಬಬೇಕು, ಹಡಗು ಹೊರಡಬೇಕು; ಎರಡು ಮೂರು ತಿಂಗಳಾದರೂ ಆಶ್ಚರ್ಯವಿಲ್ಲ. ಆರು ವಾರಕ್ಕೆ ಇದನ್ನು ನಂಬಬೇಡಿ.

ರಿಜಿಸ್ಟರ್ಡ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ, ಅದು ಬೇಗ ಹೋಗುತ್ತದೆ ಅಂತ. ಹೋಗುವುದಿಲ್ಲ. ಸಾಧಾರಣ ಅಂಚೆಯ ವೇಗವೇ ಅದರದ್ದು. ಕೈಯಿಂದ ಕೈಗೆ ದಾಖಲಾಗುತ್ತ ಹೋಗುವುದರಿಂದ ಕೆಲವೊಮ್ಮೆ ಒಂದು ದಿನ ಹೆಚ್ಚೇ ಹಿಡಿದೀತು. ಅದರಲ್ಲಿ ಸಿಗುವುದು ದಾಖಲೆ, ಪಡೆದವರ ಸಹಿ, ಕಳೆದರೆ ಮಿತಿಯೊಳಗಿನ ಪರಿಹಾರ. ಖಾಸಗಿ ಕೊರಿಯರ್ ಬೇಗ ಮುಟ್ಟಿಸುತ್ತದೆ ನಿಜ, ಆದರೆ ತೂಕದ ಲೆಕ್ಕ ಬೇರೆ: ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ, ಬಂದ ಸಂಖ್ಯೆ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಹಣ. 40×30×30ರ ಪೆಟ್ಟಿಗೆಯಲ್ಲಿ ಮೂರು ಕೆ.ಜಿ. ಬಟ್ಟೆ ಇಟ್ಟರೆ ನೀವು 7.2 ಕೆ.ಜಿ.ಗೆ ಹಣ ಕಟ್ಟುತ್ತೀರಿ. ಜೊತೆಗೆ ಕಸ್ಟಮ್ಸ್ ಕೆಲಸ ಮಾಡಿಸಿಕೊಟ್ಟದ್ದಕ್ಕೆ ಪಡೆಯುವವರ ಹತ್ತಿರ ಬೇರೆ ಶುಲ್ಕ ವಸೂಲಿ ಮಾಡುವುದೂ ಉಂಟು. ಹುಟ್ಟುಹಬ್ಬದ ಉಡುಗೊರೆ ಬಂತೆಂದು ಬಾಗಿಲು ತೆರೆದವರ ಕೈಗೆ ಬಿಲ್ಲು ಕೊಟ್ಟ ಹಾಗಾಗುತ್ತದೆ.

ನಿಮ್ಮ ಜಾಗದಲ್ಲಿದ್ದರೆ ನಾನು ಪುಸ್ತಕ, ಬಟ್ಟೆಗಳನ್ನು ಬೇರೆ ಮಾಡುತ್ತಿದ್ದೆ. ಅಂತಾರಾಷ್ಟ್ರೀಯ ಅಂಚೆಯಲ್ಲಿ ‘ಸಣ್ಣ ಪ್ಯಾಕೆಟ್’ ಎಂಬ ವರ್ಗವಿದೆ: 2 ಕೆ.ಜಿ. ಒಳಗಿರಬೇಕು, ಉದ್ದ, ಅಗಲ, ಎತ್ತರ ಮೂರೂ ಸೇರಿ 90 ಸೆಂಟಿಮೀಟರ್ ಮೀರಬಾರದು, ಯಾವ ಒಂದು ಅಳತೆಯೂ 60 ದಾಟಬಾರದು. ಬಟ್ಟೆ ಇದರಲ್ಲಿ ಹೋಗಲಿ. ಪುಸ್ತಕಗಳಿಗೆ ‘ಮುದ್ರಿತ ವಸ್ತು’ ಎಂಬ ವರ್ಗ; ಅದರಲ್ಲಿ ಪುಸ್ತಕವಾದರೆ 5 ಕೆ.ಜಿ.ವರೆಗೆ ಅವಕಾಶವಿದೆ, ದರವೂ ಸಾಮಾನ್ಯವಾಗಿ ಕಡಿಮೆ. ಎರಡಕ್ಕೂ ಟ್ರ್ಯಾಕಿಂಗ್ ಅಥವಾ ರಿಜಿಸ್ಟ್ರೇಷನ್ ಸೇರಿಸಿ. ಎಲ್ಲ ದೇಶಗಳಿಗೂ ಎಲ್ಲ ವರ್ಗಗಳೂ ತೆರೆದಿರುವುದಿಲ್ಲ, ಹಾಗಾಗಿ ಪೆಟ್ಟಿಗೆ ಕಟ್ಟುವ ಮೊದಲೇ ಕೌಂಟರಿನಲ್ಲಿ ಕೇಳಿ. ಕಟ್ಟಿ ತೂಗಿದ ಮೇಲೆ ಬಿಚ್ಚುವ ಬೇಸರ ಬೇಡ. ಇದೆಲ್ಲ ತಲೆನೋವು ಅನಿಸಿದರೆ ಎರಡನ್ನೂ ಸೇರಿಸಿ ವಿಮಾನ ಅಂಚೆಯ ಒಂದೇ ಪಾರ್ಸೆಲ್ ಮಾಡಿ. ಸ್ವಲ್ಪ ದುಬಾರಿ, ಅಷ್ಟೇ.

ಕಸ್ಟಮ್ಸ್ ಚೀಟಿಯನ್ನು ಮಾತ್ರ ಅವಸರದಲ್ಲಿ ಬರೆಯಬೇಡಿ. ನನ್ನ ಅನುಭವದಲ್ಲಿ ತಡವಾಗುವ ಪೊಟ್ಟಣಗಳಲ್ಲಿ ಬಹಳಷ್ಟು ನಿಲ್ಲುವುದು ಇಲ್ಲಿಯೇ. ಕಡಿಮೆ ಬೆಲೆಯ ವಸ್ತುಗಳಿಗೆ ಸಿಎನ್ 22 ಎಂಬ ಚಿಕ್ಕ ಚೀಟಿ, ಹೆಚ್ಚಿನ ಬೆಲೆಯವಕ್ಕೆ ಮತ್ತು ಪಾರ್ಸೆಲ್‌ಗಳಿಗೆ ಸಿಎನ್ 23 ಎಂಬ ದೊಡ್ಡ ನಮೂನೆ. ಅದರಲ್ಲಿ ‘ಗಿಫ್ಟ್’, ‘ಬಟ್ಟೆ’, ‘ವಸ್ತುಗಳು’ ಎಂದು ಬರೆದರೆ ತಪಾಸಣೆಯವರಿಗೆ ಏನೂ ತಿಳಿಯುವುದಿಲ್ಲ, ಪೆಟ್ಟಿಗೆ ಪಕ್ಕಕ್ಕೆ ಹೋಗುತ್ತದೆ. ‘ಮಗುವಿನ ಹತ್ತಿಯ ಫ್ರಾಕು, 2, ಇಷ್ಟು ತೂಕ, ಇಷ್ಟು ಬೆಲೆ’ ಎಂದು ಆ ದೇಶದವರಿಗೆ ಓದಲು ಬರುವ ಭಾಷೆಯಲ್ಲಿ ಬರೆಯಿರಿ. ಉಡುಗೊರೆ ಎಂದು ಗುರುತು ಹಾಕಿದ ಮಾತ್ರಕ್ಕೆ ಸುಂಕ ಮಾಫಿಯಾಗುವುದಿಲ್ಲ. ಒಂದೊಂದು ದೇಶಕ್ಕೂ ಅದರದೇ ಮಿತಿ ಇದೆ. ಬೆಲೆ ಕಡಿಮೆ ತೋರಿಸಿ ಎಂದು ಸಲಹೆ ಕೊಡುವವರು ಸಿಗುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ: ನಾಳೆ ಪೊಟ್ಟಣ ಕಳೆದರೆ ಪರಿಹಾರವೂ ಆ ಸುಳ್ಳು ಬೆಲೆಯ ಮೇಲೇ ನಿಲ್ಲುತ್ತದೆ.

ಈ ನಿಯಮಗಳು ಇತ್ತೀಚೆಗೆ ಬೇಗಬೇಗ ಬದಲಾಗುತ್ತಿವೆ. ಐರೋಪ್ಯ ಒಕ್ಕೂಟ 2021ರ ಜುಲೈ 1ರಿಂದ, ಕೊಂಡ ಸರಕಿಗೆ ಅದುವರೆಗಿದ್ದ 22 ಯೂರೋವರೆಗಿನ ತೆರಿಗೆ ವಿನಾಯಿತಿಯನ್ನು ತೆಗೆದುಹಾಕಿತು. ಅಮೆರಿಕ 800 ಡಾಲರ್‌ವರೆಗಿನ ಸರಕನ್ನು ಸುಂಕವಿಲ್ಲದೆ ಬಿಡುತ್ತಿದ್ದದ್ದನ್ನು 2025ರ ಆಗಸ್ಟ್ 29ರಿಂದ ನಿಲ್ಲಿಸಿತು. ಸುಂಕ ವಸೂಲಿಯ ವ್ಯವಸ್ಥೆ ಸಿದ್ಧವಿಲ್ಲದೆ ಹಲವು ದೇಶಗಳ ಅಂಚೆಯವರು ಅಲ್ಲಿಗೆ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ಸ್ವಲ್ಪ ಕಾಲ ಬಿಟ್ಟರು. ಹಾಗಾಗಿ ಹೋದ ವರ್ಷ ಕಳಿಸಿದವರ ಅನುಭವ ಈ ವರ್ಷಕ್ಕೆ ಹೊಂದದಿರಬಹುದು. ಪೆಟ್ಟಿಗೆಯಲ್ಲಿ ಬ್ಯಾಟರಿ ಇರುವ ಆಟಿಕೆ ಹಾಕುವ ಯೋಚನೆ ಇದ್ದರೆ ಬಿಡಿ. ಬಿಡಿ ಲಿಥಿಯಂ ಬ್ಯಾಟರಿಗಳನ್ನು ವಿಮಾನ ಅಂಚೆಗೆ ತೆಗೆದುಕೊಳ್ಳುವುದೇ ಇಲ್ಲ. ಉಪಕರಣದೊಳಗೇ ಕೂರಿಸಿದ್ದನ್ನು ಕೆಲವು ದೇಶಗಳ ಅಂಚೆ ಮಾತ್ರ ಒಪ್ಪುತ್ತದೆ. ಸುಗಂಧದ ಬಾಟಲಿಯೂ ಬೇಡ.

ಇನ್ನು ನಿಮ್ಮ ಒಂಬತ್ತು ದಿನ. ಟ್ರ್ಯಾಕಿಂಗ್ ಸಂಖ್ಯೆಯನ್ನೇ ಮೊದಲು ಓದಿ ನೋಡಿ. ಅಂಚೆಯ ಅಂತಾರಾಷ್ಟ್ರೀಯ ಸಂಖ್ಯೆಗೆ ಎಸ್10 ಎಂಬ ಒಂದೇ ಮಾದರಿಯಿದೆ. ಅದನ್ನು ನಿಗದಿ ಮಾಡಿದ್ದು 1874ರಲ್ಲಿ ಬರ್ನ್‌ನಲ್ಲಿ ಹುಟ್ಟಿದ ವಿಶ್ವ ಅಂಚೆ ಒಕ್ಕೂಟ. ಮೊದಲು ಎರಡು ಇಂಗ್ಲಿಷ್ ಅಕ್ಷರ, ಆಮೇಲೆ ಒಂಬತ್ತು ಅಂಕಿ, ಕೊನೆಗೆ ಮತ್ತೆರಡು ಅಕ್ಷರ. ಮೊದಲಕ್ಷರ ‘ಆರ್’ ಆದರೆ ರಿಜಿಸ್ಟರ್ಡ್, ‘ಸಿ’ ಆದರೆ ಪಾರ್ಸೆಲ್, ‘ಇ’ ಆದರೆ ಎಕ್ಸ್‌ಪ್ರೆಸ್. ‘ಯು’ ಆದರೆ ಪೂರ್ತಿ ಜಾಡು ಸಿಗುವ ಭರವಸೆ ಇಲ್ಲ. ಕೊನೆಯ ಎರಡು ಅಕ್ಷರ ಅಂಚೆಗೆ ಹಾಕಿದ ದೇಶದ್ದು. ಒಂಬತ್ತನೆಯ ಅಂಕಿ ಉಳಿದ ಎಂಟರಿಂದ ಹುಟ್ಟುವ ಪರೀಕ್ಷಾ ಅಂಕಿ. ಎಂಟೂ ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿ, 11ರಿಂದ ಭಾಗಿಸಿ, ಉಳಿದದ್ದನ್ನು 11ರಲ್ಲಿ ಕಳೆಯಬೇಕು. ಉತ್ತರ 10 ಬಂದರೆ 0, 11 ಬಂದರೆ 5 ಎಂದು ಹಿಡಿಯಬೇಕು. 12345678ಕ್ಕೆ ಮೊತ್ತ 204, ಶೇಷ 6, ಹಾಗಾಗಿ ಒಂಬತ್ತನೆಯದು 5. ಮಾರುವವರು ಬಾಯಿಗೆ ಬಂದ ಸಂಖ್ಯೆ ಕೊಟ್ಟಿದ್ದರೆ ಬಹುಪಾಲು ಇಲ್ಲೇ ಸಿಕ್ಕಿಬೀಳುತ್ತಾರೆ. (ಇದನ್ನು ಕಾಗದದ ಮೇಲೆ ಮಾಡಿ ನೋಡುವುದು ನನಗೊಂದು ಖುಷಿ, ನಿಮಗೆ ಕಡ್ಡಾಯವಲ್ಲ.)

ಸಂಖ್ಯೆ ಸರಿಯಿದ್ದರೆ ಕೊನೆಯ ಸಾಲು ಏನು ಹೇಳುತ್ತಿದೆ ನೋಡಿ. ‘ಲೇಬಲ್ ಸಿದ್ಧವಾಗಿದೆ’, ‘ಮಾಹಿತಿ ಬಂದಿದೆ’ ಎಂದಷ್ಟೇ ಇದ್ದರೆ ವಸ್ತು ಇನ್ನೂ ಅಂಚೆಯ ಕೈಗೇ ಸೇರಿಲ್ಲ. ಮಾರುವವರನ್ನು ಕೇಳಬೇಕಾದ್ದು ಅದನ್ನೇ. ಆ ದೇಶದ ವಿನಿಮಯ ಕಚೇರಿಯಿಂದ, ಅಂದರೆ ಹೊರದೇಶದ ಚೀಲಗಳನ್ನು ಕಟ್ಟುವ, ಬಿಚ್ಚುವ ಕಚೇರಿಯಿಂದ, ಹೊರಟಿದೆ ಎಂದಿದ್ದರೆ ಒಂಬತ್ತು ದಿನದ ಮೌನ ಮಾಮೂಲು. ಅಲ್ಲಿ ನಿಮ್ಮ ಪೊಟ್ಟಣ ದೊಡ್ಡ ಚೀಲದೊಳಗೆ ಹೋಗುತ್ತದೆ. ಚೀಲಕ್ಕೆ ಅದರದೇ 29 ಅಕ್ಷರಗಳ ಗುರುತು ಇರುತ್ತದೆ. ದಾರಿಯುದ್ದಕ್ಕೂ ಸ್ಕ್ಯಾನ್ ಆಗುವುದು ಆ ಗುರುತು. ನಿಮ್ಮ ಬಾರ್‌ಕೋಡ್ ಮತ್ತೆ ಬೆಳಕು ಕಾಣುವುದು ಇನ್ನೊಂದು ದೇಶದಲ್ಲಿ ಚೀಲ ಬಿಚ್ಚಿದ ಮೇಲೆ. ಈ ನಡುವೆ ಅಂಚೆ ಕಚೇರಿಗೆ ಎಷ್ಟು ಸಲ ಫೋನ್ ಮಾಡಿದರೂ ನಿಮ್ಮ ಪರದೆಯ ಮೇಲೆ ಇರುವುದನ್ನೇ ಅವರೂ ಓದಿ ಹೇಳುತ್ತಾರೆ, ಪಾಪ.

ಕಸ್ಟಮ್ಸ್‌ನಲ್ಲಿದೆ ಎಂದು ತೋರಿಸುತ್ತಿದ್ದರೆ ಮಾತ್ರ ತಕ್ಷಣ ವಿಚಾರಿಸಿ. ದಾಖಲೆ ಕೇಳಿ ಕಳಿಸಿದ ಸಂದೇಶ ನಿಮ್ಮ ಮೇಲ್‌ನ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದಿರಬಹುದು. ಉತ್ತರ ಸಿಗದಿದ್ದರೆ ಪೊಟ್ಟಣ ವಾಪಸ್ ಹೋಗುತ್ತದೆ. ಹಾಗೆಂದು, ಬಾಕಿ ಸುಂಕ ಕಟ್ಟಿ ಎಂದು ಎಸ್ಸೆಮ್ಮೆಸ್ಸಿನಲ್ಲಿ ಬರುವ ಕೊಂಡಿಯನ್ನು ಒತ್ತಬೇಡಿ, ಅದರಲ್ಲಿ ಮೋಸವೇ ಹೆಚ್ಚು. ಅಂಚೆಯ ಅಧಿಕೃತ ತಾಣಕ್ಕೆ ನೀವೇ ಹೋಗಿ ಸಂಖ್ಯೆ ಹಾಕಿ ನೋಡಿ.

ನಿಜವಾಗಿಯೂ ಸಿಗದೆ ಹೋದರೆ ಹುಡುಕಾಟದ ಅರ್ಜಿಯನ್ನು ಕಳಿಸಿದವರು ಕೊಡುವುದು ವಾಡಿಕೆ, ಪರಿಹಾರದ ಹಕ್ಕೂ ಮೊದಲು ಅವರದೇ. ಅಂಚೆ ಒಕ್ಕೂಟದ ನಿಯಮದ ಪ್ರಕಾರ ಅಂಚೆಗೆ ಹಾಕಿದ ಮರುದಿನದಿಂದ ಆರು ತಿಂಗಳೊಳಗೆ ಅದನ್ನು ಕೊಡಬೇಕು. ಆದರೆ ನೀವು ಕೊಂಡ ತಾಣದಲ್ಲಿ ಹಣ ವಾಪಸ್ ಕೇಳುವ ಗಡುವು ಅದಕ್ಕಿಂತ ಬಹಳ ಮುಂಚೆಯೇ ಮುಗಿಯುತ್ತದೆ. ‘ಇನ್ನೆರಡು ವಾರ ಕಾಯಿರಿ’ ಎಂದು ಮಾರುವವರು ಸವಿಯಾಗಿ ಹೇಳುತ್ತ ಹೇಳುತ್ತ ಆ ಗಡುವನ್ನು ದಾಟಿಸಿಬಿಡುವುದುಂಟು. ಇವತ್ತೇ ಆ ತಾರೀಕು ನೋಡಿ ಬರೆದಿಟ್ಟುಕೊಳ್ಳಿ. ಅದಕ್ಕೆ ಒಂದೆರಡು ದಿನ ಉಳಿದಾಗಲೂ ಪೊಟ್ಟಣ ಬಂದಿಲ್ಲದಿದ್ದರೆ ದೂರು ದಾಖಲಿಸಿ; ಆಮೇಲೆ ವಸ್ತು ಬಂದರೆ ದೂರು ಹಿಂದಕ್ಕೆ ತೆಗೆದುಕೊಂಡರಾಯಿತು.

ನಿಮ್ಮ ಸಂಖ್ಯೆ ಈ ಮಾದರಿಗೆ ಹೊಂದುತ್ತಿಲ್ಲವಾದರೆ ಅದು ಖಾಸಗಿ ಕೊರಿಯರಿನದೋ, ಹಲವರ ಸರಕನ್ನು ಒಟ್ಟಿಗೆ ಸಾಗಿಸುವ ಏಜೆಂಟರದೋ ಇರಬೇಕು, ಅವರ ರೀತಿಯೇ ಬೇರೆ. ಮೊದಲ ಎರಡು ಅಕ್ಷರ, ಕೊನೆಯ ಎರಡು ಅಕ್ಷರ ಮತ್ತು ಟ್ರ್ಯಾಕಿಂಗ್‌ನ ಕೊನೆಯ ಸಾಲನ್ನು ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ. ಪೂರ್ತಿ ಸಂಖ್ಯೆ ಹಾಕಬೇಡಿ.