ಕೊಂದವನಿಗೂ ಹಕ್ಕು ಯಾಕೆ? ಅರಸೀಕೆರೆಯ ಓದುಗರಿಗೆ ಸಂಪಾದಕರ ಉತ್ತರ

(ಜೀವಾವಧಿ ಕೈದಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಅರಸೀಕೆರೆ ತಾಲೂಕಿನ ಓದುಗರೊಬ್ಬರು ಬರೆದಿದ್ದಾರೆ. ಅವರ ಭಾವನನ್ನು ಬದುವಿನ ಜಗಳದಲ್ಲಿ ಕೊಂದವನಿಗೆ ಜೀವಾವಧಿ ಆಗಿದೆ. ಈ ಯುಗಾದಿಗೆ ಅವನು ಪೆರೋಲ್ ಮೇಲೆ ಊರಿಗೆ ಬಂದಿದ್ದ. ‘ಜೈಲು ಇಂಥವರಿಗೆ ಮಾವನ ಮನೆ. ನಮ್ಮ ತೆರಿಗೆಯಲ್ಲಿ ಊಟ, 14 ವರ್ಷ ಆದರೆ ಬಿಡುಗಡೆ. ಸತ್ತವನ ಮನೆಯವರಿಗೆ ಯಾವ ಹಕ್ಕಿದೆ ಹೇಳಿ’ ಎಂದು ಕೇಳಿದ್ದಾರೆ.)

ನಮಸ್ಕಾರ.

ನಿಮ್ಮ ಅಕ್ಕನ ಸಂಕಟ ನಿಮ್ಮ ಪತ್ರದ ಸಾಲುಸಾಲಿನಲ್ಲೂ ಇದೆ. ಗಂಡನನ್ನು ಕೊಂದವನು ಹಬ್ಬದ ದಿನ ಕಣ್ಣೆದುರೇ ಓಡಾಡಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಅದನ್ನು ತಪ್ಪು ಅನ್ನಲು ನಾನು ಯಾರು? ಆದರೂ ಕೈದಿಗೂ ಹಕ್ಕಿದೆ ಅನ್ನುವ ಮಾತನ್ನು ನಾನು ಬಿಡುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

ಮೊದಲು ಆ 14 ವರ್ಷದ ಲೆಕ್ಕ. ಟೀ ಅಂಗಡಿಯಿಂದ ಕೋರ್ಟಿನ ಜಗಲಿವರೆಗೂ ಎಲ್ಲರ ಬಾಯಲ್ಲೂ ಇದೇ ಮಾತು. ಆದರೆ ಜೀವಾವಧಿ ಅಂದರೆ 14 ವರ್ಷ ಅಂತ ಯಾವ ಕಾನೂನೂ ಹೇಳಿಲ್ಲ. ಉಸಿರು ಇರುವವರೆಗೂ ಅಂತಲೇ ಅದರ ಅರ್ಥ ಎಂದು ಸುಪ್ರೀಂ ಕೋರ್ಟ್ 1961ರಲ್ಲಿ, ಗಾಂಧೀಜಿ ಹತ್ಯೆಯ ಸಂಚಿನಲ್ಲಿ ಜೀವಾವಧಿ ಆಗಿದ್ದ ಗೋಪಾಲ್ ಗೋಡ್ಸೆ ಪ್ರಕರಣದಲ್ಲೇ ಹೇಳಿದೆ. 14ರ ಮಾತು ಕಾನೂನಿಗೆ ಬಂದಿದ್ದು 1978ರ ತಿದ್ದುಪಡಿಯಲ್ಲಿ. ಕೊಲೆಯಂಥ ಅಪರಾಧಕ್ಕೆ ಜೀವಾವಧಿ ಆದವನು ಕನಿಷ್ಠ 14 ವರ್ಷವನ್ನು ಜೈಲಿನೊಳಗೇ ಕಳೆಯಬೇಕು, ಅದಕ್ಕೂ ಮೊದಲು ಸರ್ಕಾರ ಶಿಕ್ಷೆ ಮಾಫಿ ಮಾಡಿ ಬಿಡುವ ಹಾಗಿಲ್ಲ ಅನ್ನುತ್ತದೆ ಅದು. ರಾಜ್ಯಪಾಲರ ಕ್ಷಮಾದಾನದ ಮಾತು ಬೇರೆ. 14 ತುಂಬಿದ ದಿನ ಬಾಗಿಲು ತೆಗೆಯುವುದಿಲ್ಲ, ಫೈಲು ನೋಡಲು ಶುರು ಮಾಡಬಹುದು ಅಷ್ಟೆ. ಆಮೇಲೆ ಜೈಲಿನ ನಡತೆ, ಪೊಲೀಸ್ ವರದಿ, ಸಮಿತಿ, ಸರ್ಕಾರ. ಎಷ್ಟೋ ಜನ ಅದಕ್ಕಿಂತ ಜಾಸ್ತಿ ವರ್ಷ ಒಳಗೇ ಇರುತ್ತಾರೆ. ಹೆಂಡತಿಯನ್ನು ಕೊಂದ, ನಮ್ಮ ರಾಜ್ಯದ್ದೇ ಆದ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ, ಅವನನ್ನು ಸಾಯುವವರೆಗೂ ಬಿಡಕೂಡದು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಇನ್ನು ಪೆರೋಲ್. ಅದು ರಜೆಯೇನೋ ಹೌದು, ಶಿಕ್ಷೆ ಕಡಿಮೆ ಆಗುವುದಿಲ್ಲ. ಪೆರೋಲ್ ಮೇಲೆ ಹೊರಗಿದ್ದ ದಿನಗಳನ್ನು 14 ವರ್ಷದ ಲೆಕ್ಕಕ್ಕೆ ಹಿಡಿಯಬಾರದು ಎಂದು 2023ರಲ್ಲಿ ಗೋವಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಮಾವನ ಮನೆ ಅಂದಿರಿ. ಮೂಡಿಗೆರೆ ಕಡೆಯ ತೋಟವೊಂದರ ಲೈನ್ ಮನೆಯಲ್ಲಿರುವ ತಾಯಿಯೊಬ್ಬರ ಜೊತೆ, ಅವರ ಮಗನನ್ನು ನೋಡಲು ನಾನು ಒಂದು ಕೇಂದ್ರ ಕಾರಾಗೃಹಕ್ಕೆ ಹೋಗಿದ್ದೆ. ನಮ್ಮ ಹಾಸನ, ಚಿಕ್ಕಮಗಳೂರಿನಲ್ಲಿ ಇರುವುದು ಜಿಲ್ಲಾ ಜೈಲು. ಜೀವಾವಧಿ ಆದವರನ್ನು ಸಾಮಾನ್ಯವಾಗಿ ಮೈಸೂರು, ಶಿವಮೊಗ್ಗ ಹೀಗೆ ದೂರದ ಕೇಂದ್ರ ಕಾರಾಗೃಹಗಳಿಗೆ ಕಳಿಸುತ್ತಾರೆ. ಕಾಫಿ ಕೊಯ್ಲಿನ ಕಾಲ ಅದು. ಆಯಮ್ಮ ದಿನದ ಕೂಲಿ ಬಿಟ್ಟು ಕತ್ತಲಲ್ಲೇ ಬಸ್ಸು ಹತ್ತಿದ್ದರು. ಚೀಲದಲ್ಲಿ ಎರಡು ಬನಿಯನ್, ಒಂದು ಪೊಟ್ಟಣ ಕೋಡುಬಳೆ. ಕೋಡುಬಳೆ ಗೇಟಿನಲ್ಲೇ ವಾಪಸ್ ಬಂತು. ಆಧಾರ್ ಜೆರಾಕ್ಸ್ ಕೊಟ್ಟು ಮಧ್ಯಾಹ್ನದವರೆಗೆ ಕಾದೆವು. ಒಳಗೆ ಜಾಲರಿ. ಆ ಕಡೆ ಕೈದಿಗಳ ಸಾಲು, ಈ ಕಡೆ ಮನೆಯವರ ಸಾಲು, ಎಲ್ಲರೂ ಒಟ್ಟಿಗೇ ಕೂಗುತ್ತಿದ್ದಾರೆ. ‘ಹಲ್ಲು ನೋವು ಹೋಯ್ತೇನೋ?’ ಅಂತ ಆಯಮ್ಮ ಕೂಗಿದರು. ಅವನಿಗೆ ಕೇಳಿಸಲಿಲ್ಲ. ಇವರು ತಮ್ಮ ಕೆನ್ನೆ ಮುಟ್ಟಿ ತೋರಿಸಿದರು. ಅವನು ಮುಖ ತಿರುಗಿಸಿ ತೋರಿಸಿದ, ಊದಿಕೊಂಡಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋಗಲು ಬೆಂಗಾವಲಿನ ಪೊಲೀಸರು ಸಿಕ್ಕಿಲ್ಲ ಅಂತ ಆಮೇಲೆ ಗೊತ್ತಾಯಿತು.

ಅವನೂ ಒಂದು ಜೀವ ತೆಗೆದವನೇ. ಜೈಲಿನಲ್ಲಿರಬೇಕಾದವನೇ. ಆದರೆ ನ್ಯಾಯಾಧೀಶರು ಬರೆದ ತೀರ್ಪಿನಲ್ಲಿ ಹಲ್ಲುನೋವು ಇರಲಿಲ್ಲ. ನನ್ನ ವಾದ ಇಷ್ಟೇ. ಕೋರ್ಟು ಅವನ ಸ್ವಾತಂತ್ರ್ಯ ಕಿತ್ತುಕೊಂಡಿತು, ಅದೇ ಶಿಕ್ಷೆ. ಅದರ ಮೇಲೆ ಕಾಯಿಲೆ, ಹೊಡೆತ, ಮಲಗಲು ಜಾಗವಿಲ್ಲದ ಬ್ಯಾರಕ್ಕು ಸೇರಿಸಲು ಯಾರಿಗೂ ಅಧಿಕಾರ ಕೊಟ್ಟಿಲ್ಲ.

ಸೇರಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ದೆಹಲಿಯ ತಿಹಾರ್ ಜೈಲಿನ ಕತೆ ಇದೆ. ಸುನಿಲ್ ಬಾತ್ರಾ ಅನ್ನುವ, ಮರಣದಂಡನೆಯಾಗಿದ್ದ ಕೈದಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದ. ತನಗಾಗಿ ಅಲ್ಲ. ಇನ್ನೊಬ್ಬ ಕೈದಿಯ ಮನೆಯವರಿಂದ ದುಡ್ಡು ಕೀಳಲು ವಾರ್ಡರ್ ಅವನಿಗೆ ಚಿತ್ರಹಿಂಸೆ ಕೊಡುತ್ತಿದ್ದಾನೆ ಅಂತ. ಕೋರ್ಟು ಆ ಪತ್ರವನ್ನೇ ಅರ್ಜಿ ಅಂತ ತೆಗೆದುಕೊಂಡಿತು. ನೋಡಿ, ಅಲ್ಲಿ ಹೊಡೆತ ತಿಂದವನಿಗೆ ಹಿಂಸೆ ಆಗಿದ್ದು ಅವನು ಮಾಡಿದ ಅಪರಾಧಕ್ಕಲ್ಲ, ದುಡ್ಡಿಗೆ. ಹಕ್ಕಿಲ್ಲದ ಜೈಲಿನಲ್ಲಿ ದುಡ್ಡಿದ್ದವನು ಆರಾಮಾಗಿರುತ್ತಾನೆ, ಇಲ್ಲದವನು ಏಟು ತಿನ್ನುತ್ತಾನೆ. ನೀವು ಹೇಳುವ ಮಾವನ ಮನೆ ಸಿಗುವುದು ಆ ದುಡ್ಡಿದ್ದವನಿಗೇ. ಜಾತಿ ನೋಡಿ ಕಕ್ಕಸು ತೊಳೆಯುವ ಕೆಲಸ, ಅಡುಗೆ ಕೆಲಸ ಹಂಚುವ ಪದ್ಧತಿ ಕೂಡ ಎಷ್ಟೋ ರಾಜ್ಯಗಳ ಜೈಲು ನಿಯಮಗಳಲ್ಲಿ ಇತ್ತು. ಅದನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 2024ರಲ್ಲಿ, ಸ್ವಾತಂತ್ರ್ಯ ಬಂದು ಇಷ್ಟು ವರ್ಷ ಆದಮೇಲೆ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಸತ್ತವನ ಮನೆಯವರ ಹಕ್ಕು. ಇದೆ, ಆದರೆ ಯಾರೂ ಬಂದು ಹೇಳುವುದಿಲ್ಲ. ಬಿಲ್ಕಿಸ್ ಬಾನು ಪ್ರಕರಣ ನಿಮಗೆ ನೆನಪಿರಬೇಕು. 2002ರ ಗುಜರಾತ್ ಗಲಭೆಯಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ಮಾಡಿ, ಮನೆಯವರನ್ನು ಕೊಂದ ಪ್ರಕರಣ ಅದು. 11 ಜನ ಜೀವಾವಧಿ ಕೈದಿಗಳನ್ನು ಗುಜರಾತ್ ಸರ್ಕಾರ ಬಿಟ್ಟಿತ್ತು. ಆ ಹೆಣ್ಣುಮಗಳು ಕೋರ್ಟಿಗೆ ಹೋದರು. ಬಿಡುವ ಅಧಿಕಾರವೇ ಆ ಸರ್ಕಾರಕ್ಕಿರಲಿಲ್ಲ ಎಂದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎಲ್ಲರನ್ನೂ ಮತ್ತೆ ಜೈಲಿಗೆ ಕಳಿಸಿತು. ನಿಯಮ ಗಟ್ಟಿ ಇದ್ದರೆ ಕೈದಿಗೂ ಆಸರೆ, ನೊಂದವರಿಗೂ ಆಸರೆ.

ದುಡಿಮೆಯ ವಿಷಯ ಇನ್ನೊಂದಿದೆ. ಕಠಿಣ ಸಜೆ ಆದವರು ಸುಮ್ನೆ ಕೂತು ಉಣ್ಣುವುದಿಲ್ಲ, ಕೆಲಸ ಮಾಡಬೇಕು, ಅದಕ್ಕೆ ಕೂಲಿ ಇದೆ. ಕೈದಿಗೆ ನ್ಯಾಯವಾದ ಕೂಲಿ ಕೊಡಿ, ಅದರಲ್ಲಿ ಒಂದು ಪಾಲು ಅವನಿಂದ ನೊಂದವರಿಗೆ ಹೋಗುವ ಹಾಗೆ ಕಾನೂನು ಮಾಡಿ ಎಂದು 1998ರಲ್ಲೇ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದೆ. ಕೈದಿಯ ಕೂಲಿ ಕಡಿಮೆ ಮಾಡಿ ಅಂತ ಕೇಳುವ ಬದಲು ಈ ಪಾಲನ್ನು ನಾವು ಜೋರಾಗಿ ಕೇಳಬೇಕು ಅಲ್ವಾ?

ಈಗ ನಿಮ್ಮ ಅಕ್ಕನ ವಿಷಯ. ಕೊಲೆಯಾದವರ ಅವಲಂಬಿತರಿಗೆ ಪರಿಹಾರ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿ ಇದೆ. ಅದನ್ನು ನೋಡಿಕೊಳ್ಳುವುದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಪರಿಹಾರ ಬಂದಿಲ್ಲದಿದ್ದರೆ ತೀರ್ಪಿನ ಪ್ರತಿ, ಮರಣ ಪ್ರಮಾಣಪತ್ರ ಹಿಡಿದು ಹಾಸನದ ಪ್ರಾಧಿಕಾರಕ್ಕೆ ಹೋಗಿ ವಿಚಾರಿಸಿ. ತಡವಾಗಿದೆ ಅಂತ ನೀವೇ ತೀರ್ಮಾನ ಮಾಡಬೇಡಿ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ. ಕೈದಿಗೆ ವಕೀಲರನ್ನು ಕೊಡುವುದೂ ಅದೇ ಕಾನೂನು. ನಿಮ್ಮ ಭಾವನನ್ನು ಕೊಂದವನು ಮತ್ತೆ ಪೆರೋಲ್ ಕೇಳಿದಾಗ ಠಾಣೆಯಿಂದ ವರದಿ ಹೋಗುತ್ತದೆ. ಅಕ್ಕನಿಗೆ ಬೆದರಿಕೆ ಏನಾದರೂ ಬಂದಿದ್ದರೆ ಈಗಲೇ ಠಾಣೆಗೆ ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಬಾಯಿಮಾತಲ್ಲಿ ಹೇಳಿದ್ದು ವರದಿಗೆ ಬರುವುದಿಲ್ಲ. ಬರೆಯುವುದು ಕಷ್ಟವಾದರೆ ನಮ್ಮ ಕಚೇರಿಗೆ ಬನ್ನಿ, ಕೂತು ಬರೆಯೋಣ.