ಪ್ರತಿಕ್ರಿಯೆ: ಮೂರನೇ ಕೇಂದ್ರದ ಎಂಆರ್‌ಐ ಕೊಟ್ಟರೆ ಮಾಡೆಲ್ ಯಾಕೆ ಸೋಲುತ್ತದೆ?
ಸ್ಕ್ಯಾನ್ ನೋಡಿ ಕಾಯಿಲೆ ಹೇಳಲು ನೀವು ಕಲಿಸಿದ ಕಂಪ್ಯೂಟರ್ ಮಾಡೆಲ್ ಬಹುಶಃ ಕಾಯಿಲೆಯನ್ನಲ್ಲ, ಸ್ಕ್ಯಾನರನ್ನು ಗುರುತಿಸುತ್ತಿದೆ. ಎರಡು ಕೇಂದ್ರಗಳ ಮಿದುಳಿನ ಸ್ಕ್ಯಾನ್ ಸೇರಿಸಿದಾಗ 95% ಸರಿ, ಮೂರನೆಯದಕ್ಕೆ 50% ಅಂದಿರಿ ಅಲ್ವಾ? ಅದೇ ಸುಳಿವು.

ಮೊದಲು ಅವೇ ಫೀಚರ್‌ಗಳಿಂದ (ಸ್ಕ್ಯಾನ್‌ನಿಂದ ತೆಗೆದು ಮಾಡೆಲ್‌ಗೆ ಕೊಡುವ ಅಳತೆಗಳಿಂದ) ‘ಇದು ಯಾವ ಸ್ಕ್ಯಾನರ್?’ ಎಂದು ಊಹಿಸುವ ಮಾಡೆಲ್ ಮಾಡಿ. ಸಲೀಸಾಗಿ ಹೇಳಿಬಿಟ್ಟರೆ ಕಳ್ಳ ಸಿಕ್ಕ ಹಾಗೆ. ಆಮೇಲೆ ಒಂದು ಕೇಂದ್ರದಲ್ಲಿ ಕಲಿಸಿ, ಇನ್ನೊಂದರಲ್ಲಿ ಪರೀಕ್ಷಿಸಿ. ಸುಮ್ನೆ ಎಲ್ಲ ಕೇಂದ್ರಗಳ ಸ್ಕ್ಯಾನ್ ಕಲಸಿ ಕಲಿಕೆಗಿಷ್ಟು, ಪರೀಕ್ಷೆಗಿಷ್ಟು ಅಂತ ಭಾಗ ಮಾಡಬೇಡಿ; ನಾನೂ ಒಮ್ಮೆ ಅಲ್ಲೇ ಎಡವಿದ್ದೆ.

ಸ್ಕ್ಯಾನರ್ ವ್ಯತ್ಯಾಸ ತಗ್ಗಿಸಲು ಕಾಂಬ್ಯಾಟ್ (ComBat) ಎಂಬ ಸಂಖ್ಯಾಶಾಸ್ತ್ರದ ವಿಧಾನ ಇದೆ. ಆದರೆ ರೋಗಿಗಳೆಲ್ಲ ಒಂದೇ ಕೇಂದ್ರದವರಾಗಿದ್ದರೆ ಅದೂ ಕಾಪಾಡುವುದಿಲ್ಲ. ಆಗ ಎರಡೂ ಕಡೆಯಿಂದ ಆರೋಗ್ಯವಂತರ, ರೋಗಿಗಳ ಸ್ಕ್ಯಾನ್ ಕೇಳಿ ತರಿಸಲೇಬೇಕು.

ನಿಮ್ಮ ಡೇಟಾ ನೋಡದೆ ಖಚಿತವಾಗಿ ಹೇಳಲಾರೆ. ತಲೆ ಅಲುಗಾಟವೂ ಕಾರಣವಿರಬಹುದು, ರೋಗಿಗಳು ಎಷ್ಟೋ ಸಲ ಸ್ಕ್ಯಾನರ್ ಒಳಗೆ ಜಾಸ್ತಿ ಅಲುಗುತ್ತಾರೆ. ರೋಗಿಗಳು, ಆರೋಗ್ಯವಂತರು ಎರಡೂ ಗುಂಪಿನ ಅಲುಗಾಟದ ಸರಾಸರಿಯನ್ನೂ ಹೋಲಿಸಿ ನೋಡಿ.