ಪಿಯುಸಿ ಮುಗಿದಿದೆ. ಕಲಬುರಗಿಯಲ್ಲಿ ನೇರವಾಗಿ ಮಕ್ಕಳ ನರ್ಸಿಂಗ್ ಡಿಗ್ರಿ ಓದಬಹುದಾ?

ಬ್ರಿಟನ್‌ನಲ್ಲಿ ಇರುವ ಹಾಗೆ ಮೊದಲ ದಿನದಿಂದಲೇ ಮಕ್ಕಳದ್ದು ಮಾತ್ರ ಓದಬೇಕು, ದೊಡ್ಡವರ ವಾರ್ಡ್ ಬೇಡ ಎಂದು ಬರೆದಿದ್ದೀರಿ. ಶಹಾಪುರದಿಂದ ಟ್ರಂಕ್ ಹೊತ್ತು ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ನನ್ನ ತಲೆಯಲ್ಲಿ ಇದ್ದದ್ದೂ ಇದೇ.

ಇಲ್ಲ, ಇಲ್ಲಿ ಹಾಗೆ ಓದಲು ಆಗುವುದಿಲ್ಲ. ಅಲ್ಲಿ ಮಕ್ಕಳ ನರ್ಸ್ ಅಂತಲೇ ಬೇರೆ ನೋಂದಣಿ ಇದೆ. ನಮ್ಮಲ್ಲಿ 4 ವರ್ಷದ ಬಿಎಸ್ಸಿ ನರ್ಸಿಂಗ್ ಎಲ್ಲರಿಗೂ ಒಂದೇ. ಮಕ್ಕಳ ಆರೋಗ್ಯ ಅದರಲ್ಲಿ ಒಂದು ವಿಷಯ. ನಮ್ಮ ಕಾಲದಲ್ಲಿ ಮೂರನೇ ವರ್ಷಕ್ಕೆ ಬರುತ್ತಿತ್ತು, ಈಗ 5 ಮತ್ತು 6ನೇ ಸೆಮಿಸ್ಟರ್‌ನಲ್ಲಿದೆ. ಮಕ್ಕಳದ್ದೇ ಬೇಕು ಎಂದರೆ ಆಮೇಲೆ 2 ವರ್ಷದ ಎಂಎಸ್ಸಿ. ಅದಕ್ಕೆ ಬಿಎಸ್ಸಿಯಲ್ಲಿ 55% ಅಂಕ, ಜೊತೆಗೆ ಒಂದು ವರ್ಷದ ಕೆಲಸದ ಅನುಭವ ಬೇಕು. ಈ ಒಂದು ವರ್ಷದ ಲೆಕ್ಕದಲ್ಲೇ ನಾನು ಕೆಟ್ಟೆ.

ಮಕ್ಕಳ ವಾರ್ಡಿನ ಪೋಸ್ಟಿಂಗ್, ಅಂದರೆ ಅಲ್ಲೇ ನಿಂತು ಕೆಲಸ ಕಲಿಯುವ ಸರದಿ, ಯಾವಾಗ ಬರುತ್ತದೋ ಎಂದು ದಿನ ಎಣಿಸಿದವಳು ನಾನು. ಬಂದ ಐದನೇ ದಿನ, ಚಿತ್ತಾಪುರ ಕಡೆಯ ತಾಂಡಾದಿಂದ ಎಂಟು ತಿಂಗಳ ಕೂಸನ್ನು ತಂದರು. ವಾಂತಿ, ಭೇದಿ. ಮೇ ತಿಂಗಳ ಬಿಸಿಲು ಬೇರೆ. ಕಣ್ಣು ಗುಳಿ ಬಿದ್ದಿತ್ತು. ಹೊಟ್ಟೆಯ ಚರ್ಮ ಚಿವುಟಿದರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ಸಿಸ್ಟರ್ ಡ್ರಿಪ್ ಹಾಕಲು ನರ ಹುಡುಕುತ್ತಿದ್ದರು, ನಾನು ಕೂಸಿನ ಕೈ ಒತ್ತಿ ಹಿಡಿದಿದ್ದೆ. ಮೂರು ಸಲ ಚುಚ್ಚಿದರೂ ಸಿಗಲಿಲ್ಲ. ಕೂಸು ಅಳಲೇ ಇಲ್ಲ. ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ತಾಯಿ ಕೂಸನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು, ಅಲ್ಲಿ ಏನೋ ಬರೆದಿದೆ ಎನ್ನುವ ಹಾಗೆ.

ಸಂಜೆ ಹಾಸ್ಟೆಲ್‌ಗೆ ಬಂದು ಜ್ವರ ಎಂದು ಸುಳ್ಳು ಹೇಳಿ ಊರಿಗೆ ಹೋದೆ. 17 ದಿನ ಬರಲಿಲ್ಲ.

ತಪ್ಪು ಯಾವುದು ಎಂದು ಸರಿಯಾಗಿ ಹೇಳಬೇಕು, ಯಾಕೆಂದರೆ ಇದನ್ನು ಜಾಸ್ತಿ ಜನ ಮಾಡುತ್ತಾರೆ. ಹೆದರಿದ್ದು ತಪ್ಪಲ್ಲ. 80% ಹಾಜರಿ ಸಾಕು ಎಂದು ನಂಬಿದ್ದು ತಪ್ಪು. 80% ಎನ್ನುವುದು ಪರೀಕ್ಷೆಗೆ ಕೂರಲು. ಡಿಗ್ರಿ ಕೈಗೆ ಬರಬೇಕಾದರೆ ಪ್ರಾಕ್ಟಿಕಲ್‌ನಲ್ಲಿ, ಅದೂ ಪ್ರತಿಯೊಂದು ವಾರ್ಡಿನಲ್ಲೂ, 100% ಆಗಿರಬೇಕು. ಸರ್ಜರಿ ವಾರ್ಡಿನಲ್ಲಿ ಹೆಚ್ಚು ದಿನ ಮಾಡಿ ಮಕ್ಕಳ ವಾರ್ಡಿಗೆ ಹೊಂದಿಸಲು ಆಗುವುದಿಲ್ಲ. ಇದು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ನಿಯಮ. ನಾನು ಮೂರನೇ ವರ್ಷದ ಪರೀಕ್ಷೆಗೆ ಕೂತೆ, ಪಾಸಾದೆ, ಎಲ್ಲ ಸರಿ ಹೋಯಿತು ಅಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಕೇಳಿದರೆ ಓಡಿಹೋದದ್ದು ಗೊತ್ತಾಗುತ್ತದೆ ಎಂಬ ನಾಚಿಕೆ. ಕಾಲೇಜಿನವರೂ ನಾಲ್ಕನೇ ವರ್ಷದ ಕೊನೆಗೆ ಲಾಗ್‌ಬುಕ್ ತೆಗೆದಾಗಲೇ ಹೇಳಿದ್ದು. ಆಗ ವಾರ್ಡಿನಲ್ಲಿ ಬೇರೆ ಬ್ಯಾಚ್‌ಗಳ ಸರದಿ. ಕಾದು ಕಾದು 17 ದಿನ ತುಂಬಿಸಲು ಎರಡೂವರೆ ತಿಂಗಳು ಹಿಡಿಯಿತು. ಗೆಳತಿಯರು ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿ ಕೆಲಸಕ್ಕೆ ಸೇರಿದ್ದರು. ಮರುವರ್ಷ ಎಂಎಸ್ಸಿ ಅರ್ಜಿ ಕರೆದಾಗ ನನ್ನ ಅನುಭವ 10 ತಿಂಗಳು ಚಿಲ್ಲರೆ. ಒಂದು ವರ್ಷ ಹೋಯಿತು. ಅಪ್ಪನಿಗೆ ಇದನ್ನು ಹೇಳಿದ ದಿನ ಅವರು ಹೊಲದಿಂದ ತಡವಾಗಿ ಬಂದರು.

ಆದರೆ ಮಕ್ಕಳ ನರ್ಸಿಂಗ್ ಕಲಿತದ್ದು ಹಾಗೆ ತುಂಬಿಸಿದ ಆ 17 ದಿನಗಳಲ್ಲಿ. ಹೋದ ತಕ್ಷಣ ಹಳೆ ರಿಜಿಸ್ಟರ್ ತೆಗೆದು ಆ ಕೂಸಿನ ಸಾಲು ಹುಡುಕಿದೆ. ನಾಲ್ಕನೇ ದಿನ ಡಿಸ್ಚಾರ್ಜ್ ಎಂದಿತ್ತು. ಅಲ್ಲೇ ನಿಂತು ಅತ್ತೆ.

ಒಬ್ಬ ತಾಯಿ ಬಂದು "ಸಿಸ್ಟರ್, ಕೂಸಿಂದು ಪಕ್ಕಿ ಎಳೀಲಾಕತ್ತದರಿ" ಎಂದಳು, ಅಂದರೆ ಉಸಿರಾಡುವಾಗ ಪಕ್ಕೆ ಒಳಕ್ಕೆ ಎಳೆಯುತ್ತಿದೆ ಎಂದು. ವಾಚ್ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದೆ. 64. ಎರಡು ತಿಂಗಳಿಂದ ಒಂದು ವರ್ಷದ ಒಳಗಿನ ಕೂಸಿಗೆ 50 ಮುಟ್ಟಿದರೇ ಜೋರು ಉಸಿರು. ನಮಗಿಂತ ಮೊದಲು ಕಂಡುಹಿಡಿದವಳು ಆ ತಾಯಿ. ಡ್ರಿಪ್‌ನ ಹನಿ ಲೆಕ್ಕವೂ ಆಗಲೇ ಕೈಗೆ ಹತ್ತಿತು. 6 ಕೆಜಿ ಕೂಸಿಗೆ ದಿನಕ್ಕೆ ಬೇಕಾಗುವ ಸಾಮಾನ್ಯ ದ್ರವ ಕೆಜಿಗೆ 100 ಎಂಎಲ್‌ನಂತೆ 600 ಎಂಎಲ್, ಅಂದರೆ ಗಂಟೆಗೆ 25. ಸಣ್ಣ ಹನಿ ಬೀಳಿಸುವ ಮೈಕ್ರೋ ಡ್ರಿಪ್ ಸೆಟ್‌ನಲ್ಲಿ 60 ಹನಿಗೆ 1 ಎಂಎಲ್, ಹಾಗಾಗಿ ನಿಮಿಷಕ್ಕೂ 25 ಹನಿ. ದೊಡ್ಡವರಿಗೆ ಸ್ವಲ್ಪ ಹೆಚ್ಚುಕಮ್ಮಿಯಾದರೆ ದೇಹ ತಡೆಯುತ್ತದೆ. ಆರು ಕೆಜಿಯ ಮೈ ತಡೆಯುವುದಿಲ್ಲ.

ಅದಕ್ಕೇ "ದೊಡ್ಡವರ ವಾರ್ಡ್ ಬೇಡ" ಎನ್ನುವ ನಿಮ್ಮ ಮಾತು ನನಗೆ ಒಪ್ಪಿಗೆಯಿಲ್ಲ. ಕೂಸಿನ ಕೂದಲೆಳೆಯಂಥ ನರಕ್ಕೆ ಸೂಜಿ ಹಾಕುವ ಮೊದಲು ಕೈ ದೊಡ್ಡವರ ತೋಳಿನ ಮೇಲೆ ಪಳಗಬೇಕು. ಹೆರಿಗೆ ಕೋಣೆಯಲ್ಲಿ ನಿಲ್ಲದೆ ಹಸುಗೂಸಿನ ಮೊದಲ ನಿಮಿಷ ಹೇಗೆ ಗೊತ್ತಾಗುತ್ತದೆ? ಮಕ್ಕಳು ಅಂದರೆ ಇಷ್ಟ ಎಂದಿದ್ದೀರಿ, ಒಳ್ಳೆಯದು. ಆದರೆ ಇಡೀ ದಿನ ನೀವು ಮಾತಾಡುವುದು ತಾಯಂದಿರ ಜೊತೆ, ಅಜ್ಜಿಯರ ಜೊತೆ. ಲಂಬಾಣಿ, ಉರ್ದು, ತೆಲುಗು ನಾಲ್ಕು ನಾಲ್ಕು ಮಾತಾದರೂ ಕಲಿಯಿರಿ. ನಮ್ಮ ಕಡೆ ಅದು ಪುಸ್ತಕದಷ್ಟೇ ಮುಖ್ಯ.

ಸೀಟಿನ ವಿಷಯ: ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗಕ್ಕೆ 45% ಬೇಕು. ಸರ್ಕಾರಿ ಸೀಟು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ. ಕಲ್ಯಾಣ ಕರ್ನಾಟಕದವರು ಎಂದು ತೋರಿಸುವ 371ಜೆ ಪ್ರಮಾಣಪತ್ರ ಈಗಲೇ ಮಾಡಿಸಿಡಿ, ನಮ್ಮ ಭಾಗದ ಸರ್ಕಾರಿ ಸೀಟುಗಳಲ್ಲಿ 70% ನಮ್ಮವರಿಗೇ ಮೀಸಲು. ಏಜೆಂಟ್ ಮಾತು ಕೇಳಿ ಸುಮ್ನೆ ಬೆಂಗಳೂರಿಗೆ ಹೋಗಬೇಡಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ.

ಕಾಲೇಜು ನೋಡಲು ಹೋದ ದಿನ ಕಟ್ಟಡ ನೋಡಬೇಡಿ. ಮಕ್ಕಳ ಪೋಸ್ಟಿಂಗ್‌ಗೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ ಎಂದು ಕೇಳಿ, ನೇರ ಅಲ್ಲಿಗೆ ಹೋಗಿ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂಸು ಎತ್ತಿಕೊಂಡು ಕೂತ ತಾಯಂದಿರ ಪಕ್ಕ ಅರ್ಧ ಗಂಟೆ ಕೂತುಕೊಳ್ಳಿ. ಎದ್ದು ಬಂದ ಮೇಲೂ ಇದೇ ಓದಬೇಕು ಅನ್ನಿಸಿದರೆ ಅರ್ಜಿ ಹಾಕಿ.